ಮೂವತ್ತು ನಲವತ್ತರ ಮನೆಯ ಕೈತೋಟ

ಬೆಂಗಳೂರು, ಮೈಸೂರು, ತುಮಕೂರು, ದಾವಣಗೆರೆಯಂಥ ಊರುಗಳ ಬಡಾವಣೆಗಳಲ್ಲಿ ಮನೆ ನಿವೇಶನದ ಅತಿ ಪರಿಚಿತ ಅಳತೆ 30 ಅಡಿಗೆ 40 ಅಡಿ, ಒಟ್ಟು 1200 ಚದರ ಅಡಿ. ಮನೆ ಎದ್ದು ನಿಂತ ಮೇಲೆ ಗಿಡಗಳ ಪಾಲಿಗೆ ಉಳಿಯುವುದು ಮುಂದೆ ನಾಲ್ಕೈದು ಅಡಿಯ ಒಂದು ಪಟ್ಟಿ, ಮಿಕ್ಕ ಮೂರು ಕಡೆ ಒಬ್ಬರು ನಡೆದಾಡುವಷ್ಟು ಓಣಿ, ಮೇಲೊಂದು ತಾರಸಿ. ಇಷ್ಟು ಜಾಗದ ಕೈತೋಟವನ್ನು ಯಾರೂ ಕೂತು ಯೋಜಿಸಿ ಮಾಡಿರುವುದಿಲ್ಲ. ಗೃಹಪ್ರವೇಶಕ್ಕೆ ಬಂದವರು ಕೊಟ್ಟ ಕುಂಡ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಿಂದ ತಂದ ಗುಲಾಬಿ, ಪಕ್ಕದ ಮನೆಯಿಂದ ಮುರಿದು ತಂದು ನೆಟ್ಟ ದಾಸವಾಳದ ಕಡ್ಡಿ, ತಿಂದೆಸೆದ ಓಟೆಯಿಂದ ತಾನೇ ಎದ್ದ ಮಾವು, ಹೀಗೆ ಒಂದೊಂದಾಗಿ ಸೇರಿಕೊಂಡು ತೋಟವಾಗಿರುತ್ತದೆ. ಹತ್ತು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಪಕ್ಕದ ನಿವೇಶನದಲ್ಲಿ ಮೂರಂತಸ್ತು ಏಳುತ್ತದೆ, ಮಾವಿನ ಸಸಿ ಕಾಂಪೌಂಡನ್ನು ಒತ್ತುತ್ತದೆ, ಮನೆಯ ಹಿರಿಯರಿಗೆ ಬಗ್ಗಿ ಕಳೆ ಕೀಳಲಾಗುವುದಿಲ್ಲ. ತೋಟವನ್ನು ಮತ್ತೊಮ್ಮೆ ಮೊದಲಿನಿಂದ ಯೋಚಿಸಬೇಕಾಗಿ ಬರುವುದು ಆಗ.

ಊರಿನ ಕೈತೋಟ ಎರಡು ಕಡೆಯಿಂದ ಬಳುವಳಿ ಪಡೆದಿದೆ. ಒಂದು ಹಿತ್ತಲು. ಹಳೆಯ ಮನೆಗಳ ಹಿತ್ತಲಿಗೆ ನಕ್ಷೆ ಇರಲಿಲ್ಲ, ಆದರೆ ವ್ಯವಸ್ಥೆ ಇತ್ತು. ಬಚ್ಚಲ ನೀರು ಹೊರಬೀಳುವಲ್ಲಿ ಬಾಳೆ, ಅದರ ಬುಡದಲ್ಲಿ ಕೆಸು. ಪಾತ್ರೆ ತೊಳೆಯುವ ಕಲ್ಲಿನ ಬಳಿ ಬಸಳೆಯ ಚಪ್ಪರ. ಅಡುಗೆಮನೆ ಬಾಗಿಲಿಗೆ ಕೈಯಳತೆಯಲ್ಲಿ ಕರಿಬೇವು. ದನದ ಕೊಟ್ಟಿಗೆಯ ಆಚೆ ಗೊಬ್ಬರದ ಗುಂಡಿ, ಗುಂಡಿಯ ಅಂಚಿಗೆ ಕುಂಬಳದ ಬಳ್ಳಿ. ಯಾವ ಗಿಡಕ್ಕೂ ಬೇರೆಯಾಗಿ ನೀರು ಹೊರುವ ಕೆಲಸವಿರಲಿಲ್ಲ. ಎರಡನೆಯ ಮೂಲ ಬೆಂಗಳೂರು ದಂಡು ಪ್ರದೇಶದ ಬಂಗಲೆಗಳ ತೋಟ: ಗೇಟಿನಿಂದ ಮುಖಮಂಟಪದವರೆಗೆ ದಾರಿ, ಇಬ್ಬದಿಯಲ್ಲಿ ಹುಲ್ಲುಹಾಸು, ಹೂವಿನ ಮಡಿ, ಕತ್ತರಿಸಿದ ಬೇಲಿ. ಅದಕ್ಕೆ ಬೇಕಾದದ್ದು ಎಕರೆಗಟ್ಟಲೆ ಜಾಗ, ಸಂಬಳದ ಮಾಲಿ, ಬಾವಿಯ ತುಂಬ ನೀರು. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ಮನೆಗಳು ಎರಡನ್ನೂ ಉಳಿಸಿಕೊಂಡವು. ಮುಂದೆ ಹೂವು, ಹಿಂದೆ ತೆಂಗು, ಮಾವು, ಹಲಸು. ಮೂವತ್ತು ನಲವತ್ತರ ಮನೆಗೆ ಬಂದಾಗ ಹಿತ್ತಲು ಕಾಂಕ್ರೀಟಿನಡಿ ಹೋಯಿತು, ಬಂಗಲೆಯ ತೋಟ ಮಾತ್ರ ಕುಗ್ಗಿ ಉಳಿಯಿತು. ಹನ್ನೆರಡು ಅಡಿ ಉದ್ದದ ಹುಲ್ಲುಹಾಸು, ಸಾಲಾಗಿ ಮೂರು ಕಂಬ ಅಶೋಕ, ಎರಡು ಕ್ರೋಟನ್ನು: ಸಾವಿರಾರು ಮನೆಗಳ ಮುಂದೆ ಕಾಣುವ ಈ ನೋಟದಲ್ಲಿ ಜಾಗಕ್ಕೂ ಗಿಡಕ್ಕೂ ಸಂಬಂಧವೇ ಇಲ್ಲ.

ಮರುವಿನ್ಯಾಸದ ಕೆಲಸ ನರ್ಸರಿಯಿಂದ ಆರಂಭವಾದರೆ ಹಳೆಯ ತಪ್ಪೇ ಹೊಸ ಗಿಡಗಳೊಂದಿಗೆ ಮರುಕಳಿಸುತ್ತದೆ. ಬಿಸಿಲು ಎಲ್ಲಿ, ಎಷ್ಟು ಹೊತ್ತು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಮಣ್ಣಿನಡಿ ಏನಿದೆ, ಮನೆಯವರು ದಿನಕ್ಕೆ ಎಷ್ಟು ಸಲ ಯಾವ ದಾರಿಯಲ್ಲಿ ಓಡಾಡುತ್ತಾರೆ. ಈ ನಾಲ್ಕು ಗೊತ್ತಾದ ಮೇಲೆ ಗಿಡದ ಆಯ್ಕೆಯಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳುವುದೇನೂ ಉಳಿಯುವುದಿಲ್ಲ.

ಇವುಗಳಲ್ಲಿ ಬಿಸಿಲೇ ಮೊದಲು, ಏಕೆಂದರೆ ಮಿಕ್ಕದ್ದನ್ನು ಹಣ ಕೊಟ್ಟು ತರಬಹುದು, ಬಿಸಿಲನ್ನು ತರಲಾಗದು. ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರದಲ್ಲಿದೆ. ಹಾಗಾಗಿ ಸೂರ್ಯ ವರ್ಷದಲ್ಲಿ ಎರಡು ಬಾರಿ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯಭಾಗದ ನಂತರ, ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡರ ನಡುವಿನ ಅವಧಿಯಲ್ಲಿ ನಡುಹಗಲಿನ ಸೂರ್ಯ ಇರುವುದು ಉತ್ತರಕ್ಕೆ; ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ ಹತ್ತಡಿ ಗೋಡೆಯೊಂದು ನಡುಹಗಲಿಗೆ ಏಳಡಿಗಿಂತ ತುಸು ಹೆಚ್ಚು ನೆರಳನ್ನು ಉತ್ತರಕ್ಕೆ ಚೆಲ್ಲುತ್ತದೆ. ಜೂನ್‌ನಲ್ಲಿ ಅದೇ ಗೋಡೆಯ ನೆರಳು ದಕ್ಷಿಣಕ್ಕೆ ಎರಡಡಿಯೂ ಇರುವುದಿಲ್ಲ. ಪಕ್ಕದಲ್ಲಿ 33 ಅಡಿ ಎತ್ತರದ ಮೂರಂತಸ್ತಿನ ಮನೆ ದಕ್ಷಿಣದ ಕಡೆಗಿದ್ದರೆ ಡಿಸೆಂಬರಿನ ನೆರಳು 24 ಅಡಿ, ಅಂದರೆ ನಿವೇಶನದ ಬಹುಪಾಲು. ನೆರಳು ಬೀಳುವ ಮನೆಯ ದಕ್ಷಿಣದ ಓಣಿಯಲ್ಲಿ ಚಳಿಗಾಲಕ್ಕೆಂದು ಟೊಮೇಟೊ ನೆಟ್ಟವರಿಗೆ ಉದ್ದುದ್ದ ಕಾಂಡ, ಮಂಕಾದ ಎಲೆ ಸಿಗುತ್ತವೆಯೇ ಹೊರತು ಕಾಯಿ ಸಿಗುವುದಿಲ್ಲ. ಗೊಬ್ಬರ ಹಾಕಿದಷ್ಟೂ ಕಾಂಡ ಇನ್ನಷ್ಟು ಉದ್ದವಾಗುತ್ತದೆ.

ಉತ್ತರದ ಕಡೆ ಬಿಸಿಲೇ ಇಲ್ಲ ಎಂಬ ಮಾತು ತೋಟಗಾರಿಕೆಯ ವಿದೇಶಿ ಪುಸ್ತಕಗಳಿಂದ ಬಂದದ್ದು. ದೂರದ ಉತ್ತರ ದೇಶಗಳಿಗೆ ಅದು ನಿಜ. ಕರ್ನಾಟಕದಲ್ಲಿ ಉತ್ತರದ ಗೋಡೆಗೆ ಎದುರು ಕಟ್ಟಡವಿಲ್ಲದೆ ರಸ್ತೆಯೋ ಖಾಲಿ ನಿವೇಶನವೋ ಇದ್ದರೆ, ಮೇ ತಿಂಗಳಿಂದ ಆಗಸ್ಟ್‌ವರೆಗೆ ಅಲ್ಲಿ ಒಳ್ಳೆಯ ಬಿಸಿಲು ಬೀಳುತ್ತದೆ. ಎರಡು ಎತ್ತರದ ಗೋಡೆಗಳ ನಡುವಿನ ಮೂರಡಿ ಓಣಿಯ ಕಥೆ ಬೇರೆ. ಪೂರ್ವ ಪಶ್ಚಿಮವಾಗಿ ಸಾಗುವ ಅಂಥ ಓಣಿಯ ನೆಲಕ್ಕೆ ನಡುಹಗಲ ಬಿಸಿಲು ತಲುಪುವುದು ಸೂರ್ಯ ನೆತ್ತಿಯ ಮೇಲೆ ಬರುವ ದಿನಗಳ ಆಚೀಚೆ ಎರಡೆರಡು ವಾರ ಮಾತ್ರ. ಅಲ್ಲಿ ತರಕಾರಿಯ ಆಸೆ ಬಿಟ್ಟು ನೆರಳಿನ ಗಿಡಗಳನ್ನೇ ನೆಚ್ಚಿಕೊಳ್ಳಬೇಕು.

ಬಿಸಿಲನ್ನು ಅಳೆಯಲು ಉಪಕರಣ ಬೇಡ, ಒಂದು ಹಿಡಿ ರಂಗೋಲಿ ಪುಡಿ ಸಾಕು. ಒಂದು ರಜಾದಿನ ಬೆಳಗ್ಗೆ ಎಂಟಕ್ಕೆ, ಹನ್ನೊಂದಕ್ಕೆ, ಎರಡಕ್ಕೆ, ನಾಲ್ಕಕ್ಕೆ ನೆರಳಿನ ಅಂಚಿನ ಮೇಲೆ ಗೆರೆ ಎಳೆದು ಕಾಗದದಲ್ಲಿ ಗುರುತು ಹಾಕಿಕೊಂಡರೆ ಆ ತಿಂಗಳ ನಕ್ಷೆ ಸಿದ್ಧ. ಡಿಸೆಂಬರಿನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ, ಜೂನ್‌ನಲ್ಲಿ ಮೋಡವಿಲ್ಲದ ಒಂದು ದಿನ ಹೀಗೆ ಮಾಡಿದರೆ ಇಡೀ ವರ್ಷದ ಚಿತ್ರ ಸಿಗುತ್ತದೆ. ಟೊಮೇಟೊ, ಬದನೆ, ಬೆಂಡೆ, ಮೆಣಸಿನಕಾಯಿಯಂಥ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಕನಿಷ್ಠ ಆರು ತಾಸು ನೇರ ಬಿಸಿಲು ಬೇಕು. ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ, ಪುದೀನ ಮೂರ್ನಾಲ್ಕು ತಾಸಿಗೂ ಒಪ್ಪುತ್ತವೆ. ಒಂದೆಲಗ, ದೊಡ್ಡಪತ್ರೆ, ವೀಳ್ಯದೆಲೆ, ಶುಂಠಿ, ಅರಿಶಿನ, ಕೆಸು, ಜರಿಗಿಡ, ರಾತ್ರಿ ಅರಳುವ ಬ್ರಹ್ಮಕಮಲ, ಇವು ಬೆಳಕಿದ್ದು ಬಿಸಿಲು ಕಡಿಮೆ ಇರುವಲ್ಲೂ ಬಾಳುತ್ತವೆ. ತುಳಸಿ ಬಿಸಿಲಿನ ಗಿಡ. ಹೊಸ ಮನೆಗಳಲ್ಲಿ ತುಳಸಿಕಟ್ಟೆಯನ್ನು ಗೇಟಿನ ಪಕ್ಕದ ನೆರಳಿನ ಮೂಲೆಗೆ ತಳ್ಳಿ, ಪ್ರತಿ ವರ್ಷ ಉತ್ಥಾನ ದ್ವಾದಶಿಗೆ ಹೊಸ ಗಿಡ ತರುವ ಮನೆಗಳು ಕಡಿಮೆಯಿಲ್ಲ. ಈಶಾನ್ಯದಲ್ಲಿ ಎತ್ತರದ ಮರ ಬೇಡ ಎನ್ನುವ ವಾಸ್ತುವಿನ ಮಾತನ್ನು ನಂಬುವವರೂ ನಂಬದವರೂ ಒಂದು ಕಾರಣಕ್ಕೆ ಒಪ್ಪಬಹುದು: ಆ ಮೂಲೆಯ ಮರ ಅಂಗಳದ ಬೆಳಗಿನ ಬಿಸಿಲನ್ನು ತಡೆಯುತ್ತದೆ.

ನೀರಿನ ವಿಷಯ ಇನ್ನೂ ಸೂಕ್ಷ್ಮ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ 1200 ಚದರ ಅಡಿಯ ನಿವೇಶನದ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರ್‌ಗೂ ಹೆಚ್ಚು ನೀರು ಬೀಳುತ್ತದೆ. 800 ಚದರ ಅಡಿಯ ತಾರಸಿ ಮೇಲೆ 20 ಮಿಲಿಮೀಟರಿನ ಒಂದು ಜೋರು ಮಳೆ ಸುರಿದರೆ ಸುಮಾರು 1500 ಲೀಟರ್. ಇದರ ಬಹುಪಾಲು ಪೈಪಿನಲ್ಲಿಳಿದು ಚರಂಡಿ ಸೇರಿದ ಮರುದಿನವೇ ಅದೇ ಮನೆಯವರು ಬೋರ್‌ವೆಲ್ ನೀರನ್ನು ಗಿಡಕ್ಕೆ ಹಾಯಿಸುತ್ತಾರೆ. 30–40ರ ನಿವೇಶನದ ಹೊಸ ಮನೆಗಳಿಗೆ ಬೆಂಗಳೂರು ಜಲಮಂಡಳಿಯ ಕಾನೂನು 2009ರಿಂದಲೇ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದೆ. ಅನೇಕ ಮನೆಗಳಲ್ಲಿ ಆ ಪೈಪು, ಆ ಗುಂಡಿ ಇವೆ. ತೋಟಕ್ಕೂ ಅದಕ್ಕೂ ನಂಟು ಮಾತ್ರ ಇಲ್ಲ.

ಆ ನಂಟು ಕಲ್ಪಿಸುವುದು ಮರುವಿನ್ಯಾಸದ ಮುಖ್ಯ ಕೆಲಸಗಳಲ್ಲೊಂದು. ತಾರಸಿಯಿಂದ ಇಳಿಯುವ ಪೈಪಿನ ನೀರು ಮೊದಲು ಸೋಸುಪಾತ್ರೆ ಹಾದು ಸಂಪು ಅಥವಾ ಡ್ರಮ್ಮಿಗೆ, ಅಲ್ಲಿ ತುಂಬಿ ಹೆಚ್ಚಾದದ್ದು ಗಿಡದ ಪಾತಿಗೆ, ಅಲ್ಲೂ ಹೆಚ್ಚಾದದ್ದು ಇಂಗುಗುಂಡಿಗೆ ಹೋಗುವಂತೆ ಇಳಿಜಾರು ಕೊಡಬೇಕು. ಅಂಗಳದ ಸಿಮೆಂಟು ನೆಲದ ಇಳಿಜಾರು ಸಾಮಾನ್ಯವಾಗಿ ಗೇಟಿನ ಕಡೆಗಿರುತ್ತದೆ. ನೆಲವನ್ನು ಹೊಸದಾಗಿ ಮಾಡಿಸುವ ಸಂದರ್ಭ ಬಂದರೆ ಇಳಿಜಾರನ್ನು ಪಾತಿಯ ಕಡೆ ತಿರುಗಿಸಿ, ಪಾತಿಯ ಮಣ್ಣಿನ ಮಟ್ಟವನ್ನು ನೆಲಕ್ಕಿಂತ ಎರಡು ಇಂಚು ಕೆಳಗಿಟ್ಟರೆ ಸಣ್ಣ ಮಳೆಯ ನೀರೆಲ್ಲ ಅಲ್ಲೇ ಉಳಿಯುತ್ತದೆ. ಈಗ ಬಹುತೇಕ ಮನೆಗಳಲ್ಲಿ ಪಾತಿ ನೆಲಕ್ಕಿಂತ ಒಂದಡಿ ಎತ್ತರದಲ್ಲಿರುತ್ತದೆ. ಹೀಗಾಗಿ ಮಳೆ ಬಂದಾಗ ಅದರ ಮಣ್ಣು ತೊಳೆದು ಅಂಗಳಕ್ಕೆ ಬರುತ್ತದೆ, ಅಂಗಳದ ನೀರು ಬೀದಿಗೆ ಹೋಗುತ್ತದೆ.

ಹುಲ್ಲುಹಾಸಿನ ಖರ್ಚನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಬೇಸಿಗೆಯಲ್ಲಿ ಹುಲ್ಲು ದಿನಕ್ಕೆ ಸುಮಾರು ಐದು ಮಿಲಿಮೀಟರ್ ನೀರನ್ನು ಆವಿಯಾಗಿಸುತ್ತದೆ. ನೂರು ಚದರ ಅಡಿಯ ಹಾಸಿಗೆ ಅದು ದಿನಕ್ಕೆ ನಲವತ್ತೈದು ಲೀಟರಿಗಿಂತ ಹೆಚ್ಚು, ಅಂದರೆ ಮೂರು ಬಿಂದಿಗೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ತಟ್ಟಿದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನೇ ನಿಷೇಧಿಸಿ 5000 ರೂಪಾಯಿ ದಂಡ ವಿಧಿಸಿತು. ಆ ಬೇಸಿಗೆಯಲ್ಲಿ ಮೊದಲು ಒಣಗುವ ಸರದಿ ಹುಲ್ಲಿನದೇ. ಹಸಿರು ಹಾಸೇ ಬೇಕು ಅನ್ನುವವರು ಆ ಜಾಗದ ಅರ್ಧಕ್ಕೆ ಚಪ್ಪಡಿ ಕಲ್ಲು ಹಾಕಿ, ಸಂದಿನಲ್ಲಿ ಒಂದೆಲಗ ಬಿಟ್ಟರೆ ಸಾಕು. ಕಾಲಡಿಗೆ ತಂಪು, ತಂಬುಳಿಗೆ ಎಲೆ.

ಮನೆಯೊಳಗಿನ ಬಳಸಿದ ನೀರೆಲ್ಲ ಗಿಡಕ್ಕೆ ಒಂದೇ ಅಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ನೇರ ಸುರಿಯಬಹುದು. ಬಟ್ಟೆ ಯಂತ್ರದ ಎರಡನೆಯ ಜಾಲಿಕೆಯ ನೀರು ಬಾಳೆ, ಕೆಸುವಿಗೆ ನಡೆಯುತ್ತದೆ. ಮೊದಲನೆಯದರಲ್ಲಿ ಸೋಪಿನ ಸೋಡಿಯಂ ಹೆಚ್ಚು, ಮಣ್ಣಿನ ಕಣಗಳು ಗಟ್ಟಿಯಾಗಿ ಕೂರುತ್ತವೆ. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಹಾಕುವ ನೀರು ನೋಡಲು ಕನ್ನಡಿಯಂತೆ ತಿಳಿಯಾದರೂ ಅದರಲ್ಲಿ ಲವಣ ಸಾಂದ್ರವಾಗಿರುತ್ತದೆ. ಗಡಸು ಬೋರ್‌ವೆಲ್ ನೀರಿನ ಮನೆಗಳಲ್ಲಿ ಕುಂಡದ ಅಂಚಿಗೆ, ತಳದ ತಟ್ಟೆಗೆ ಕಟ್ಟುವ ಬಿಳಿ ಪೊರೆ ಈ ಲವಣದ್ದೇ. ಅಂಥ ಕುಂಡಗಳಿಗೆ ಮಳೆಗಾಲದಲ್ಲಿ ನಾಲ್ಕಾರು ಜೋರು ಮಳೆ ನೇರವಾಗಿ ಬಿದ್ದು ತಳದಿಂದ ಹರಿದು ಹೋಗುವಂತೆ ಬಯಲಿಗಿಡಬೇಕು. ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ತೆಗೆದುಕೊಳ್ಳುವುದು ಸುಮಾರು ಏಳರಿಂದ ಹತ್ತು ದಿನ.

ಮಣ್ಣಿನ ಬಗ್ಗೆ ಹೇಳುವುದು ಕಡಿಮೆ, ಅಗೆಯುವುದು ಹೆಚ್ಚು. ಮನೆ ಕಟ್ಟಿದವರು ಇಟ್ಟಿಗೆ ಚೂರು, ಗಾರೆ, ಸಿಮೆಂಟಿನ ಉಳಿಕೆಯನ್ನೆಲ್ಲ ಮುಂದಿನ ಪಾತಿಗೇ ತುಂಬಿ ಮೇಲೆ ಅರ್ಧ ಅಡಿ ಕೆಮ್ಮಣ್ಣು ಹೊದಿಸಿರುತ್ತಾರೆ. ಸಿಮೆಂಟು, ಸುಣ್ಣದಿಂದ ಮಣ್ಣು ಕ್ಷಾರವಾಗುತ್ತದೆ, ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ದಾಸವಾಳ, ಮಲ್ಲಿಗೆಗಳ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಸಂದೇಹ ಇದರ ಮೇಲೇ ಹೋಗಬೇಕು. ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ನೋಡಬೇಕು. ಎರಡನೆಯ ಸಲದ ನೀರು ನಾಲ್ಕೈದು ತಾಸಾದರೂ ನಿಂತೇ ಇದ್ದರೆ ಕೆಳಗೆ ಗಟ್ಟಿ ಪದರವಿದೆ ಎಂದರ್ಥ. ಒಂದೂವರೆ ಅಡಿಯವರೆಗೆ ಅಗೆದು ಚೂರುಗಳನ್ನು ತೆಗೆದು, ತೆಗೆದ ಮಣ್ಣಿನ ಮೂರನೆಯ ಒಂದು ಭಾಗದಷ್ಟು ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಮುಂದಿನ ಹಲವು ವರ್ಷ ಮಣ್ಣಿನ ಚಿಂತೆಯಿರದು. ಈ ಒಂದು ಕೆಲಸಕ್ಕೆ ಎರಡು ಆಳಿನ ಕೂಲಿ ಕೊಡುವುದು ಎರಡು ಡಜನ್ ಗಿಡ ಕೊಳ್ಳುವುದಕ್ಕಿಂತ ಲಾಭ.

ಅಳತೆಗಳಲ್ಲಿ ಮನುಷ್ಯನ ಮೈಯೇ ಮಾನದಂಡ. ಪಾತಿಯ ಪಕ್ಕ ಕುಳಿತವರ ಕೈ ಸುಲಭವಾಗಿ ಎಟುಕುವುದು ಎರಡಡಿ. ಆದ್ದರಿಂದ ಗೋಡೆಗೆ ಒರಗಿದ ಪಾತಿ ಎರಡಡಿಗಿಂತ ಅಗಲ ಬೇಡ, ಎರಡೂ ಕಡೆ ದಾರಿಯಿರುವ ಪಾತಿ ನಾಲ್ಕಡಿ ಇರಬಹುದು. ಹೆಚ್ಚು ಅಗಲ ಮಾಡಿದರೆ ಒಳಗೆ ಕಾಲಿಡಲೇಬೇಕು, ಹದ ಮಾಡಿದ ಮಣ್ಣು ಮತ್ತೆ ಗಟ್ಟಿಯಾಗುತ್ತದೆ. ಹಿರಿಯರಿರುವ ಮನೆಯಲ್ಲಿ ಪಾತಿಯ ಒಂದು ಭಾಗವನ್ನಾದರೂ ಎರಡಡಿ ಎತ್ತರದ ಕಟ್ಟೆಯಾಗಿ ಕಟ್ಟಿ, ಅಂಚನ್ನು ಕೂರುವಷ್ಟು ಅಗಲ ಮಾಡಿದರೆ ಬಗ್ಗದೆ ಕೆಲಸ ಸಾಗುತ್ತದೆ, ಸಂಜೆ ಮಾತಿಗೆ ಕೂರಲೂ ಆಗುತ್ತದೆ. ಗಾಲಿಕುರ್ಚಿ ಓಡಾಡಬೇಕಾದರೆ ದಾರಿ ಕನಿಷ್ಠ ಮೂರಡಿ. ಮೂರಡಿಯ ಓಣಿಯಲ್ಲಿ ಸಾಲಾಗಿ ಕುಂಡ ಇಡುವ ರೂಢಿಯಿಂದ ಗಿಡಕ್ಕೂ ಸುಖವಿಲ್ಲ, ಗ್ಯಾಸ್ ಸಿಲಿಂಡರ್ ತರುವವರಿಗೂ ಸುಖವಿಲ್ಲ.

ಇಷ್ಟಾದ ಮೇಲೆ ಏನನ್ನು ತೆಗೆಯಬೇಕು ಎಂಬ ನಿಷ್ಠುರದ ಪ್ರಶ್ನೆ ಬರುತ್ತದೆ. ಮನೆಯೊಳಗೆ ಚೆಂದವಿತ್ತೆಂದು ಕುಂಡದಿಂದ ನೆಲಕ್ಕಿಳಿಸಿದ ರಬ್ಬರ್ ಗಿಡ, ಫೈಕಸ್ ಗಿಡಗಳು ಆಲ ಅರಳಿಯ ಬಳಗಕ್ಕೆ ಸೇರಿದವು. ಅವುಗಳ ಬೇರು ನೀರಿನ ಜಾಡು ಹಿಡಿದು ಸಂಪಿನ ಗೋಡೆಯನ್ನೂ ಸೀಳುತ್ತದೆ. ಇವನ್ನು ಎಳೆಯವಾಗಿರುವಾಗಲೇ ತೆಗೆಯುವುದು ಒಳ್ಳೆಯದು. ಬೆಳೆದ ಮರವಾದರೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಮರ ಸ್ವಂತ ಅಂಗಳದಲ್ಲಿದ್ದರೂ ಅಷ್ಟೇ. ತೆಂಗು, ಸಿಲ್ವರ್ ಓಕ್ ಮುಂತಾದ ಕೆಲವಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ತೆಂಗಿಗೆ ತೋಟದಲ್ಲಿ ಇಪ್ಪತ್ತೈದು ಅಡಿ ಅಂತರ ಬಿಡುವುದು ವಾಡಿಕೆ. ನಾಲ್ಕಡಿ ಪಟ್ಟಿಯಲ್ಲಿ ಅದನ್ನು ನೆಟ್ಟವರು ಮುಂದೆ ನಿಲ್ಲಿಸಿದ ಕಾರಿನ ಗಾಜಿಗೆ ಒಣಗರಿಯ ಹೆದರಿಕೆ ತಂದುಕೊಂಡಿರುತ್ತಾರೆ. ಆದರೂ ಇಪ್ಪತ್ತು ವರ್ಷದ ಮರವನ್ನು ಸೌಂದರ್ಯದ ನೆಪಕ್ಕೆ ಉರುಳಿಸುವುದು ವಿನ್ಯಾಸವಲ್ಲ. ಮಾವು ಬೀದಿಗೆ ಬಾಗಿದ್ದರೆ ಸುಗ್ಗಿ ಮುಗಿದ ಕೂಡಲೇ ಕೊಂಬೆ ಸವರಿ ಗಾತ್ರ ಇಳಿಸಬಹುದು, ಬುಡದ ನೆರಳನ್ನು ಅರಿಶಿನ ಶುಂಠಿಗೆ ಕೊಡಬಹುದು.

ಪೂರ್ವಕ್ಕೆ ಮುಖ ಮಾಡಿದ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಂಡರೆ ಇವೆಲ್ಲ ಹೇಗೆ ಕೂಡುತ್ತವೆ ಎಂಬುದು ಕಾಣುತ್ತದೆ. ಮುಂದಿನ ಪಟ್ಟಿಗೆ ಬೆಳಗ್ಗೆ ಏಳರಿಂದ ಹನ್ನೊಂದೂವರೆವರೆಗೆ ಎಳೆಬಿಸಿಲು, ಆಮೇಲೆ ಮನೆಯದೇ ನೆರಳು. ಹೂವು, ಸೊಪ್ಪು ಎರಡಕ್ಕೂ ಇದು ಹೇಳಿಮಾಡಿಸಿದ ಜಾಗ. ಗೇಟಿನ ಕಮಾನಿಗೆ ಸೂಜಿಮಲ್ಲಿಗೆ, ಕಾಂಪೌಂಡಿನ ಗುಂಟ ಸವರಿ ನಾಲ್ಕಡಿಗೆ ನಿಲ್ಲಿಸಿದ ದಾಸವಾಳ ಮತ್ತು ನಂದಬಟ್ಟಲು, ಅವುಗಳ ಮುಂದೆ ಕನಕಾಂಬರ, ಬಾಗಿಲಿಗೆ ಹತ್ತಿರದ ಆರಡಿ ಜಾಗದಲ್ಲಿ ಸೊಪ್ಪಿನ ಮಡಿ. ತುಳಸಿಗೆ ಇಲ್ಲಿಯೇ ಬಿಸಿಲು ಹೆಚ್ಚು ಬೀಳುವ ಕಡೆ ಕಟ್ಟೆ. ಕದಿರು ಬಂದಂತೆಲ್ಲ ಚಿವುಟುತ್ತಿದ್ದರೆ ತುಳಸಿ ಬೇಗ ಮುಪ್ಪಾಗುವುದಿಲ್ಲ. ಉತ್ತರದ ಓಣಿಯಲ್ಲಿ ನೆಲ ಖಾಲಿ ಬಿಟ್ಟು ಗೋಡೆಗೆ ವೀಳ್ಯದೆಲೆ ಹಬ್ಬಿಸಿದರೆ ನಡೆಯಲು ಅಡ್ಡಿಯಿಲ್ಲ. ಪಶ್ಚಿಮದ ಹಿಂಭಾಗದ್ದು ಬೇರೆಯೇ ಸಮಸ್ಯೆ. ಇಳಿಹೊತ್ತಿನ ಬಿಸಿಲು ಅಡುಗೆಮನೆಯ ಗೋಡೆಗೆ ಬಡಿದು, ಆ ಕಾವು ರಾತ್ರಿಯೆಲ್ಲ ಒಳಗೆ ಇಳಿಯುತ್ತದೆ. ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ತಂತಿ ಕಟ್ಟಿ ಬಸಳೆ, ಹೀರೆ ಅಥವಾ ಸೀಮೆಬದನೆ ಹಬ್ಬಿಸಿದರೆ ನಡುವೆ ಗಾಳಿ ಆಡುತ್ತದೆ, ಗೋಡೆ ಕಾಯುವುದಿಲ್ಲ. ಬಟ್ಟೆ ಒಗೆಯುವ ಕಲ್ಲಿನ ನೀರು ಇಳಿಯುವ ಮೂಲೆಗೆ ಒಂದೇ ಒಂದು ಬಾಳೆ, ಒಂದು ಹಿಡಿ ಕೆಸು. ಕರಿಬೇವು ಹಿಂಬಾಗಿಲ ಪಕ್ಕ. ಹಿತ್ತಲಿನ ಹಳೆಯ ವ್ಯವಸ್ಥೆ ಈ ಮೂರಡಿಯಲ್ಲೂ ನಡೆಯುತ್ತದೆ.

ಹೂಗಿಡಗಳನ್ನು ಆರಿಸುವಾಗ ಲಾಲ್‌ಬಾಗಿನ ಒಂದು ಪಾಠ ಕೆಲಸಕ್ಕೆ ಬರುತ್ತದೆ. 1908ರಿಂದ 1932ರವರೆಗೆ ಅಲ್ಲಿ ದುಡಿದ ಜರ್ಮನಿಯ ಜಿ.ಎಚ್. ಕ್ರುಂಬಿಗೆಲ್ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದ್ದು, ಒಂದರ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವ ಹಾಗೆ, ವರ್ಷವಿಡೀ ಎಲ್ಲೋ ಒಂದು ಕಡೆ ಬಣ್ಣವಿರುವ ಹಾಗೆ. ನಾಲ್ಕು ಗಿಡಗಳ ಅಂಗಳದಲ್ಲೂ ಇದು ಸಾಧ್ಯ. ಬೇಸಿಗೆಗೆ ದುಂಡುಮಲ್ಲಿಗೆ, ಮಳೆಗಾಲದ ಕೊನೆಗೆ ಪಾರಿಜಾತ, ಹಗಲು ಕುಗ್ಗುವ ಕಾಲಕ್ಕೆ ಸೇವಂತಿಗೆ, ನಡುವಿನ ಖಾಲಿ ತಿಂಗಳಿಗೆಲ್ಲ ದಾಸವಾಳ ಮತ್ತು ಕನಕಾಂಬರ. ನರ್ಸರಿಗೆ ಒಂದೇ ದಿನ ಹೋಗಿ ಆ ದಿನ ಹೂವಿದ್ದ ಗಿಡಗಳನ್ನೆಲ್ಲ ತಂದವರ ಅಂಗಳ ವರ್ಷಕ್ಕೆ ಒಂದೇ ತಿಂಗಳು ಅರಳುವುದು ಸಹಜ.

ತರಕಾರಿಗೆ ತಾರಸಿಯೇ ಸರಿ. ಆರು ತಾಸಿನ ಬಿಸಿಲು ಖಾತ್ರಿ ಇರುವುದು ಅಲ್ಲಿ ಮಾತ್ರ. ಆದರೆ ಅಲ್ಲಿ ಭಾರದ ಲೆಕ್ಕ ತಪ್ಪಬಾರದು. ಜನ ಓಡಾಡುವ ತಾರಸಿಯನ್ನು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 150 ಕಿಲೋ ಹೆಚ್ಚುವರಿ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಒಂದಡಿ ಆಳದ ಒದ್ದೆ ಮಣ್ಣಿನ ಪಾತಿಯ ತೂಕ ಚದರ ಮೀಟರಿಗೆ 500 ಕಿಲೋ ಮುಟ್ಟುತ್ತದೆ. ಹತ್ತಡಿಗೆ ಹತ್ತಡಿಯ ಅಂಥ ಪಾತಿ ಎಂದರೆ ತಾರಸಿ ನಡುವೆ ಸುಮಾರು ಐದು ಟನ್. ಇಟ್ಟಿಗೆ ಕಟ್ಟಿ ಮಣ್ಣು ತುಂಬುವ ಉತ್ಸಾಹವನ್ನು ಇಲ್ಲಿಯೇ ತಡೆಯಬೇಕು. ಬಿಡಿಬಿಡಿ ಗ್ರೋಬ್ಯಾಗು, ಅವುಗಳಲ್ಲಿ ಕೆಮ್ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು, ಅವನ್ನು ತೊಲೆ ಮತ್ತು ಗೋಡೆಯ ನೆತ್ತಿಯ ಗುಂಟ ಸಾಲಾಗಿ ಇಡುವುದು ಕ್ಷೇಮ. ನಾರಿನ ಪುಡಿಯನ್ನು ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ ಉಪ್ಪು ತೆಗೆದೇ ಬಳಸಬೇಕು. ಕುಂಡಗಳ ಕೆಳಗೆ ಇಟ್ಟಿಗೆಯೋ ಕಬ್ಬಿಣದ ಸ್ಟ್ಯಾಂಡೋ ಇದ್ದರೆ ನೆಲ ಒಣಗುತ್ತದೆ, ಸೋರಿಕೆ ಇದ್ದರೆ ಮೊದಲ ದಿನವೇ ಕಾಣುತ್ತದೆ. ನೀರು ಹನಿಸುವ ಪೈಪಿಗೆ ಗಂಟೆಗೆ ಎರಡು ಲೀಟರಿನ ಹನಿಗಂಡಿ ಸಾಕು, ಕುಂಡದ ಮೇಲೆ ಎರಡಿಂಚು ಒಣ ಎಲೆಯ ಹೊದಿಕೆ ಇದ್ದರೆ ಇನ್ನೂ ಕಡಿಮೆ ನೀರು ಸಾಕು.

ತಳಿಗಳ ವಿಷಯದಲ್ಲಿ ಹೊರಗೆ ಹುಡುಕುವ ಅಗತ್ಯವಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಹೆಸರಿನ ತಳಿಗಳು ಇಲ್ಲಿನ ಹವೆಗೆಂದೇ ಬಂದವು: ಟೊಮೇಟೊದಲ್ಲಿ ಅರ್ಕಾ ವಿಕಾಸ್, ಬೆಂಡೆಯಲ್ಲಿ ಅರ್ಕಾ ಅನಾಮಿಕ, ಹುರುಳಿಕಾಯಿಯಲ್ಲಿ ಅರ್ಕಾ ಕೋಮಲ್. ನಾಡ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಬಳ್ಳಿ. ಅದಕ್ಕೇ ಅವರೆಕಾಯಿಯ ಘಮಲು ಡಿಸೆಂಬರ್ ಜನವರಿಗೆ ಸೀಮಿತ. ಹಗಲಿನ ಉದ್ದವನ್ನು ಲೆಕ್ಕಿಸದೆ ಯಾವ ಕಾಲದಲ್ಲೂ ಹೂ ಬಿಡುವ ಗಿಡ್ಡ ತಳಿಗಳು ಈಗ ಇವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ, ಹೆಸರಘಟ್ಟದ ಅರ್ಕಾ ಜಯ್ ಅಂಥವು. ಎರಡಡಿ ಎತ್ತರದ ಪೊದೆಯಾಗಿ ನಿಲ್ಲುವ ಅವು ಕುಂಡಕ್ಕೂ ಒಗ್ಗುತ್ತವೆ. ಸೊನೆಯ ಘಮದಲ್ಲಿ ನಾಡ ಅವರೆಗೆ ಸಾಟಿಯಲ್ಲ ಎಂಬ ದೂರು ಮಾತ್ರ ಉಳಿದುಕೊಂಡಿದೆ.

ಕೆಲಸದ ಕ್ರಮ ಮಳೆ ನಕ್ಷತ್ರಗಳ ಜೊತೆ ಹೋದರೆ ಸುಲಭ. ಕಲ್ಲು, ಗಾರೆ, ಪೈಪಿನ ಕೆಲಸ ಫೆಬ್ರವರಿ ಮಾರ್ಚ್‌ನಲ್ಲಿ ಮುಗಿಯಬೇಕು. ಭರಣಿ, ಕೃತ್ತಿಕೆ ಮಳೆ ಬಿದ್ದು ನೆಲ ಮೆತ್ತಗಾದಾಗ ಅಗೆತ, ಗೊಬ್ಬರ. ಮೃಗಶಿರ ಹಿಡಿದ ಮೇಲೆ, ಅಂದರೆ ಜೂನ್ ಎರಡನೆಯ ವಾರದ ನಂತರ, ಗಿಡ, ಬಳ್ಳಿಗಳ ನಾಟಿ. ಸೊಪ್ಪಿಗೆ ಕಾಯುವ ಅಗತ್ಯವೇ ಇಲ್ಲ. ಮೆಂತ್ಯ, ದಂಟು ಇಪ್ಪತ್ತೈದು ಮೂವತ್ತು ದಿನಕ್ಕೆ ಕೈಗೆ ಬರುತ್ತವೆ, ಮೂಲಂಗಿ ನಲವತ್ತೈದು ದಿನಕ್ಕೆ. ಒಂದೇ ಸಲ ಇಡೀ ಮಡಿಗೆ ಬೀಜ ಎರಚುವ ಬದಲು ಹತ್ತು ದಿನಕ್ಕೊಮ್ಮೆ ಮೂರನೆಯ ಒಂದು ಪಾಲು ಬಿತ್ತುವುದು ಮನೆಯ ಹುಳಿಗೆ ಒಪ್ಪುವ ಲೆಕ್ಕ.

ಉಳಿದ ಕರ್ನಾಟಕದಲ್ಲಿ ಪ್ರಶ್ನೆಗಳು ಇವೇ, ಉತ್ತರ ಬೇರೆ. ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಕರಾವಳಿಯಲ್ಲಿ ನೀರನ್ನು ಹೊರಗೆ ಕಳಿಸುವುದೇ ವಿನ್ಯಾಸ. ಪಾತಿ ಎತ್ತರ, ಸುತ್ತ ಕಣಿ. ಉಡುಪಿ ಜಿಲ್ಲೆಯ ಶಂಕರಪುರದ ಸುತ್ತ ಮನೆಯಂಗಳದಲ್ಲೇ ಮಲ್ಲಿಗೆ ಬೆಳೆದು ಮಾರುವ ಕುಟುಂಬಗಳು ಬುಡದಲ್ಲಿ ನೀರು ನಿಲ್ಲದ ಹಾಗೆ ಮಣ್ಣು ಏರಿಸುವುದನ್ನು ಬಲ್ಲವು. ಕಲಬುರಗಿ, ರಾಯಚೂರು ಕಡೆಯ ಕಪ್ಪು ಮಣ್ಣು ಒದ್ದೆಯಾದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ ಮನೆಯ ಅಡಿಪಾಯಕ್ಕೆ ಅಂಟಿ ಪಾತಿ ಮಾಡಲೇಬಾರದು. ಅಲ್ಲಿ ಏಪ್ರಿಲ್ ಮೇ ತಿಂಗಳಿಗೆ ತಾರಸಿ ಗಿಡಗಳಿಗೆ ಹಸಿರು ಬಲೆಯ ನೆರಳು ಬೇಕೇಬೇಕು, ಅಂಗಳಕ್ಕೆ ಬೇವಿಗಿಂತ ಹೆಚ್ಚಿನ ಮರ ಬೇಡ. ನುಗ್ಗೆ ಎಲ್ಲ ಕಡೆ ಸಲ್ಲುತ್ತದೆ. ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಭಾಗ್ಯ ತಳಿಯಂಥದನ್ನು ವರ್ಷಕ್ಕೊಮ್ಮೆ ಎದೆಯೆತ್ತರಕ್ಕೆ ಸವರಿದರೆ ಕಾಯಿ ಕೈಗೆ ಎಟುಕುತ್ತದೆ.

ಕೀಟದ ಬಾಧೆಗೆ ಅರ್ಧ ಔಷಧ ಅಂತರದಲ್ಲೇ ಇದೆ. ಒತ್ತಾಗಿ ನೆಟ್ಟ ದಾಸವಾಳಕ್ಕೆ ಹಿಟ್ಟುತಿಗಣೆ ಬೇಗ ಹತ್ತುತ್ತದೆ, ಇರುವೆಗಳು ಅದನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತವೆ. ಮುತ್ತಿದ ತುದಿ ಕತ್ತರಿಸಿ, ಲೀಟರ್ ನೀರಿಗೆ ಮೂರರಿಂದ ಐದು ಮಿಲಿಲೀಟರ್ ಬೇವಿನೆಣ್ಣೆ ಮತ್ತು ಒಂದೆರಡು ಹನಿ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸುವುದು ಸಾಕಾಗುತ್ತದೆ. ಅಡುಗೆಮನೆಯ ಹಸಿ ಕಸಕ್ಕೆ ಎರಡರಷ್ಟು ಒಣ ಎಲೆ ಸೇರಿಸಿ ತೂತಿನ ಮಡಕೆಯಲ್ಲಿ ಕೊಳೆಸಿದರೆ ಎರಡು ಮೂರು ತಿಂಗಳಿಗೆ ಗೊಬ್ಬರ. ವಾಸನೆ ಬಂದರೆ ಒಣ ಎಲೆ ಕಡಿಮೆಯಾಗಿದೆ ಎಂದರ್ಥ.

ಮನೆಯವರು ಊರಿಗೆ ಹೋದಾಗ ನೀರು ಯಾರು ಹಾಕುತ್ತಾರೆ ಎಂಬುದೂ ವಿನ್ಯಾಸದ ಭಾಗವೇ, ಹೆಚ್ಚಿನ ಕೈತೋಟಗಳು ಸೋಲುವುದು ಆ ಒಂದು ವಾರದಲ್ಲಿ. ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಪಾತಿಯ ನಡುವೆ ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿಗೆ ತಟ್ಟೆ ಮುಚ್ಚಿದರೆ ಮಣ್ಣು ಒಣಗಿದಂತೆಲ್ಲ ನೀರು ತಾನಾಗಿ ಜಿನುಗುತ್ತದೆ. ಮಡಕೆಯ ಸುತ್ತ ಒಂದಡಿಯೊಳಗೆ ನೆಟ್ಟ ಗಿಡಗಳಿಗೆ ಇದು ಹಲವು ದಿನ ಬರುತ್ತದೆ. ಕುಂಡಗಳನ್ನು ಆ ವಾರದ ಮಟ್ಟಿಗೆ ತಾರಸಿಯಿಂದ ಇಳಿಸಿ ಉತ್ತರದ ಓಣಿಯ ನೆರಳಿನಲ್ಲಿ ಒತ್ತೊತ್ತಾಗಿ ಜೋಡಿಸಿಟ್ಟರೆ ನೀರಿನ ಬೇಡಿಕೆ ಇನ್ನಷ್ಟು ಇಳಿಯುತ್ತದೆ. ಇಳಿಸಲಾಗದಷ್ಟು ಭಾರದ ಕುಂಡಗಳನ್ನು ಮೊದಲಿನಿಂದಲೇ ತಾರಸಿಯ ನಲ್ಲಿಯ ಹತ್ತಿರ, ಒಂದೇ ಹನಿ ಪೈಪಿನ ಸಾಲಿನಲ್ಲಿ ಇಡಬೇಕು. ಕೀಲಿ ಕೊಟ್ಟುಹೋದ ನೆರೆಯವರಿಗೆ ಆಗ ಒಂದು ನಲ್ಲಿ ತಿರುಗಿಸುವ ಕೆಲಸ ಮಾತ್ರ ಇರುತ್ತದೆ.